ಬೆಟ್ಟ ಎತ್ತುವವರೆಗೂ

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಮಳೆಯನ್ನು ಓದಿ ಕರೆಯುತ್ತಿದ್ದರು. ರಾಗಿ ಪೈರು ಬಾಡಿತೆಂದರೆ ಊರವರೆಲ್ಲ ದೇವಸ್ಥಾನದ ಜಗಲಿಯಲ್ಲಿ ಸೇರುವರು, ಅಪ್ಪ ಪುರಾಣ ಓದುವರು. ಶುರು ಮಾಡಿದ ಕತೆಯನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ದೇವರ ಕೆಲಸವೂ ಅಲ್ಲೇ ನಿಲ್ಲುತ್ತದೆಂದು ನಂಬಿಕೆ. ನಮ್ಮದು ಕೂಟಗಲ್ ಕಡೆಯ ಊರು. ಸುತ್ತ ಬೋಳು ಬಂಡೆಯ ಬೆಟ್ಟಗಳು. ಬೇಸಿಗೆಯ ಸಂಜೆ ಅವು ಕಾದ ಹೆಂಚಿನ ವಾಸನೆ ಬಿಡುತ್ತಿದ್ದವು.

ಒಂದು ವರ್ಷ ಹಾಗೆ ಸೇರಿದ ದಿನ ಮಳೆ ಬೇಡವೆಂದವಳು ಊರಿಗೆಲ್ಲ ನಮ್ಮ ಅಕ್ಕ ಒಬ್ಬಳೇ. ಅವಳು ಮೊದಲ ಸಲ ತಾನೇ ಸಾಕಿದ ರೇಷ್ಮೆ ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರಿದ್ದವು. ಚಂದ್ರಿಕೆ ಅಂದರೆ ಬಿಗಿಯಾಗಿ ಹೆಣೆದ, ಆಳೆತ್ತರದ ಬಿದಿರ ತಟ್ಟಿ. ಅದರ ಮೇಲೆ ಸುರುಳಿ ಸುತ್ತಿದ ಪಟ್ಟಿ. ಗಾಳಿಯಾಡಲೆಂದು ದೇವಸ್ಥಾನದ ಪಕ್ಕದ ಬಯಲಿನಲ್ಲಿ ಸಾಲಾಗಿ ಒರಗಿಸಿದ್ದಳು. ನೆನೆದರೆ ಗೂಡು ಹಾಳು. "ಈ ಬೆಳೆ ಕೆಟ್ರೆ ಹುಳದ ಸಾವಾಸ ಬುಟ್ಬುಡು," ಎಂದು ಅಪ್ಪ ಮೊದಲೇ ಹೇಳಿದ್ದರು.

ಅಕ್ಕ ಅಪ್ಪನ ಮಗ್ಗುಲಿಗೆ ಬಂದು ಕೂತಳು. "ಕೃಷ್ಣ ಬೆಟ್ಟ ಎತ್ತಿದ್ದು ಓದಪ್ಪ. ಅದ್ರಲ್ಲಿ ಮಳೇನೂ ಬತ್ತದೆ, ತಡೆಯೋನೂ ಬತ್ತಾನೆ."

ಪಕ್ಕದ ಮನೆಯ ತಾತ ನಕ್ಕರು. "ನಮ್ ರಾಗಿಗೊಂದು ದೇವ್ರು, ನಿನ್ ಹುಳಕ್ಕೊಂದು ದೇವ್ರಾ?"

"ಎರಡ್ಕೂ ಒಬ್ನೇ ತಾತ. ಅದ್ಕೇ ಈ ಕತೆ ಕೇಳ್ತಿರಾದು."

ಅಪ್ಪ ಓದಿದರು. ಇಂದ್ರನಿಗೆ ಕೋಪ ಬಂತು, ಗೋಕುಲದ ಮೇಲೆ ಮೋಡ ಒಡೆಯಿತು. ಅಷ್ಟರಲ್ಲಿ ನಮ್ಮ ಬೆಟ್ಟದ ಹಿಂದೆಯೂ ಗುಡುಗಿತು. ಬಿಸಿ ಬಂಡೆಗೆ ಹನಿ ಬಿದ್ದು ಚುಯ್ ಎಂದಿದ್ದನ್ನು ಕೇಳಿದೆನೆಂದು ಬಹಳ ವರ್ಷ ಎಲ್ಲರಿಗೂ ಹೇಳಿದ್ದೇನೆ. ಅಷ್ಟು ದೂರದ ಸದ್ದು ಯಾರಿಗೆ ಕೇಳೀತು? ಮಣ್ಣಿನ ವಾಸನೆ ಮಾತ್ರ ಸುಳ್ಳಲ್ಲ. "ಬಂತು ಕಣ್ಲಾ!" ಎಂದು ಎಲ್ಲರೂ ಎದ್ದರು. ಅಪ್ಪನೂ ಪುಸ್ತಕ ಮಡಚಹೋದರು.

"ನಿಲ್ಲಿಸ್ಬ್ಯಾಡ! ಬೆಟ್ಟ ಎತ್ತೋಗಂಟ ಓದಪ್ಪ!" ಎಂದು ಕೂಗುತ್ತ ಅಕ್ಕ ಬಯಲಿಗೆ ಓಡಿದಳು. ಉಳಿದವರು ಹಿಂದೆ ಓಡಿದರು.

"ಹುಳ ಕೆಳಕ್ ಮಾಡಿ ಎತ್ರಪ್ಪೋ!" ಅಕ್ಕ ಕೂಗಿದಳು.

ಇಬ್ಬಿಬ್ಬರು ಒಂದೊಂದು ಚಂದ್ರಿಕೆಯನ್ನು ಮಗುಚಿ ತಲೆಯ ಮೇಲೆ ಎತ್ತಿದರು. ಬಿದಿರಿನ ಬೆನ್ನಿಗೆ ಮಳೆ ಬಡಿಯಿತು. ನಾನು ಒಂದರ ಕೆಳಗೆ ನುಗ್ಗಿ, ಎಟುಕದಿದ್ದರೂ ಎರಡೂ ಕೈ ಎತ್ತಿದೆ. ಮೇಲೆ ರಾಶಿ ಹುಳುಗಳು ಏನೂ ಆಗಿಲ್ಲವೆಂಬಂತೆ ತಲೆಯಾಡಿಸುತ್ತ ಎಳೆ ಬಿಡುತ್ತಿದ್ದವು. "ಮಳೆ ಅಲ್ಲ ಕಣ್ಲಾ, ಹುಳ ನನ್ ಬೋಳುತಲೆ ಮ್ಯಾಲೆ ಉಚ್ಚೆ ಉಯ್ತಾ ಐತೆ!" ಎಂದು ತಾತ ಬೈದರು. ಹಿಡಿತ ಬಿಡಲಿಲ್ಲ.

ದೇವಸ್ಥಾನದ ಬಾಗಿಲಲ್ಲಿ ಯಾರೋ ತಡೆದರು. "ಹುಳಾನ ದೇವ್ರ ಮನೆಗೆ ತತ್ತೀರೇನ್ಲಾ?"

"ಬೆಟ್ಟದ ಕೆಳಗೆ ದನ ನಿಂತಿರ್ನಿಲ್ವಾ? ಒಸಿ ಜಾಗ ಬುಡು!" ತಾತ ನುಗ್ಗಿಯೇಬಿಟ್ಟರು.

ಜಗಲಿಯಲ್ಲಿ ಅಪ್ಪ ಒಬ್ಬರೇ ಮಳೆಯ ಸದ್ದನ್ನೂ ಮೀರಿ ಓದುತ್ತಿದ್ದರು. ಕೃಷ್ಣ ಕಿರುಬೆರಳಲ್ಲಿ ಬೆಟ್ಟ ಎತ್ತಿದ. ಗೊಲ್ಲರು ತಮ್ಮ ಕೋಲುಗಳನ್ನೂ ಕೆಳಗೆ ಆನಿಸಿದರು. ಆ ಮಾತಿಗೆ ಸರಿಯಾಗಿ ಮಳೆ ನಿಂತಿತು. ಹಾಗೆಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. "ಎಲ್ ನಿಂತ್ತು? ಬೆಳಗಾಗಗಂಟ ಉಯ್ತು. ಅಷ್ಟೊತ್ಗೆ ಚಂದ್ರಿಕೆ ಒಳಗಿದ್ವು, ಅಷ್ಟೇಯ," ಅನ್ನುತ್ತಾಳೆ. ಆ ವರ್ಷ ರಾಗಿ ಚೇತರಿಸಿಕೊಂಡಿತು. ಅವಳ ಮಾತೇ ಸರಿಯಿದ್ದೀತು. ಆದರೂ ನನ್ನ ಕಣ್ಣಮುಂದೆ ಮಳೆ ಈಗಲೂ ನಿಲ್ಲುತ್ತದೆ.

ಗೂಡುಗಳು ಗಟ್ಟಿಯಾಗಿ, ತಿಳಿಹಳದಿಯಾಗಿ ಬಂದವು. ಅಪ್ಪ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿ, "ಮುಂದ್ಲ ಸಲ ಹುಳಕ್ಕೆ ಸೊಪ್ಪು ಜಾಸ್ತಿ ಬೇಕಾಯ್ತದೆ," ಎಂದರು. ಅಕ್ಕನ ಮುಖ ನೋಡದೆಯೇ ಹೇಳಿದರು. ಅವಳು ನಗು ತಡೆಯಲಾರದೆ ಒಳಗೆ ಓಡಿದಳು.

ಮಕ್ಕಳೇ, ಮೊನ್ನೆ ನಿಮ್ಮ ಮೊಬೈಲು ಮಳೆಯಿಲ್ಲ ಎಂದಿತ್ತು. ಹನಿ ಬಿದ್ದಾಗ ನೀವು ಅದರ ಸೂರ್ಯನ ಚಿತ್ರ ನೋಡಿ ನಕ್ಕಿರಿ, ಕಿಟಕಿ ಎಳೆದುಕೊಂಡಿರಿ. ಹೊರಗೆ ನಿಮ್ಮದೇನೂ ನೆನೆಯುವಂತಿರಲಿಲ್ಲ. ನಾನು ಯಾಕೆ ಎದ್ದು ಬಾಗಿಲಿಗೆ ಓಡಿದೆ ಎಂದು ಕೇಳಿದಿರಲ್ಲ? ನನಗೂ ಗೊತ್ತಾಗಲಿಲ್ಲ. ಹೊಸಿಲಲ್ಲಿ ನಿಂತ ಮೇಲೆ ನೋಡಿಕೊಂಡೆ: ಎರಡೂ ಕೈ ತಲೆಯ ಮೇಲೆ ಎತ್ತಿದ್ದೆ.