ಮುಸುಕುವೀರನಿಗೆ ಶಾಲು ಹೊದಿಸಿದ ವಾರ

ನಾನು ಪತ್ರಿಕೆಯಲ್ಲಿ ಬರೆಯುವುದು ಆಗದ ಮಾತು ಎಂದವನು ನನ್ನ ಸೋದರಮಾವ ಈರಪ್ಪ. ದೊಡವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, "ಬಿ.ಎ. ಆದ್ರ ಏನಾತೋ? ಹೊಲದಾಗ ರಂಟಿ ಹೊಡಿಯೋರ ಮನಿಯಾಗ ಪೇಪರ್ ಬರಿಯಾವ ಹುಟ್ಟೂದಿಲ್ಲ. ಮಾಸ್ತರಕಿ ಸಿಕ್ರ ಶಿವನ ಪುಣ್ಯಾ," ಎಂದಿದ್ದ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮಾತು ನನಗೆ ಮುಳ್ಳಿನಂತೆ ನಟ್ಟಿತ್ತು.

ಎಪ್ಪತ್ತರ ದಶಕದ ನಡುಭಾಗ. ಬೈಲಹೊಂಗಲದ ಒಂದು ವಾರಪತ್ರಿಕೆಯಲ್ಲಿ ನಾನು ಉಪಸಂಪಾದಕ. ಹೆಸರು ದೊಡ್ಡದು; ಸುದ್ದಿ ಬರೆಯುವುದು, ಕರಡು ತಿದ್ದುವುದು, ಪತ್ರಿಕೆ ಮಡಚಿ ಅಂಚೆಗೆ ಹಾಕುವುದು ಎಲ್ಲ ನನ್ನ ಪಾಲಿಗೇ. ಮಾಲೀಕರು ಹತ್ತಿಯ ವ್ಯಾಪಾರಿ ಗುರಪ್ಪ ಸಾವಕಾರರು. ಅವರ ವಾಡೆಯ ಮುಂಭಾಗದಲ್ಲಿ ಅಚ್ಚಿನ ಯಂತ್ರ, ಹಿಂದಿನ ಕೋಣೆಯಲ್ಲಿ ನನ್ನ ಹಾಸಿಗೆ, ಊಟವೂ ಅವರ ಮನೆಯಲ್ಲೇ. ಏನು ಹೇಳಬೇಕಾದರೂ ಅವರ ಅನ್ನದ ನೆನಪಾಗುತ್ತಿತ್ತು.

ಆ ಹೊತ್ತಿಗೆ ಹುಬ್ಬಳ್ಳಿಯ ಒಂದು ದಿನಪತ್ರಿಕೆ ನನ್ನನ್ನು ಸಂದರ್ಶನಕ್ಕೆ ಕರೆದಿತ್ತು. ಮಾಲೀಕರ ಸಹಿ, ಮೊಹರಿನ ಠಸ್ಸೆ ಇರುವ ಅನುಭವ ಪ್ರಮಾಣಪತ್ರ ತರಲೇಬೇಕು ಎಂಬುದು ಷರತ್ತು. ಸಾವಕಾರರು "ಕೊಡೂನಂತ, ಕೊಡೂನಂತ" ಎನ್ನುತ್ತಲೇ ದಿನ ದೂಡಿದ್ದರು.

ಊರಲ್ಲಿ ಆಗ ನಾಟಕ ಕಂಪನಿಯೊಂದು ಬಿಡಾರ ಹೂಡಿತ್ತು. ಪ್ರತಿ ಶನಿವಾರ 'ಮುಸುಕುವೀರ' ಎಂಬ ಪತ್ತೇದಾರಿ ನಾಟಕದ ಒಂದೊಂದು ಕಂತು. ಗುಂಡು ತಾಗದ, ಗೋಡೆ ಹತ್ತುವ, ಕಳ್ಳರನ್ನು ಎತ್ತಿ ಒಗೆಯುವ ಈ ವೀರ ಯಾರೆಂಬುದು ಕೊನೆಯ ಕಂತಿನಲ್ಲಿ ತಿಳಿಯಬೇಕು. ಊರ ಅಗಸಿ ಬಾಗಿಲಲ್ಲಿ, ಬಾವಿಕಟ್ಟೆಯಲ್ಲಿ, ಯರಗಟ್ಟಿ ಬಸ್ಸಿನಲ್ಲಿ ಅದೇ ಚರ್ಚೆ. ನಾಲ್ಕು ಕಂತುಗಳನ್ನು ನಾನೂ ಮನಸಾರೆ ಹೊಗಳಿ ಬರೆದಿದ್ದೆ.

ಐದನೆಯದು ಮೊದಲಿನಿಂದಲೇ ಸಪ್ಪೆ. ಕಳ್ಳರ ನಾಯಕ ತನ್ನ ಸಂಚನ್ನೆಲ್ಲ ತಾನೇ ಉದ್ದುದ್ದ ವಿವರಿಸಿದ. ಗೋಡೆ ಹತ್ತುತ್ತಿದ್ದ ವೀರ ಬಾಗಿಲಿನಿಂದ ನಡೆದು ಬಂದ. ಕಳ್ಳರು ಸುತ್ತುವರಿದರು. ಅಷ್ಟರಲ್ಲಿ ಹಾರ್ಮೋನಿಯಂ ನಿಂತಿತು. ಆಯೇರಿ!

ಮೆಚ್ಚಿದ ನಟನಿಗೆ ನಾಟಕದ ನಡುವೆಯೇ ರಂಗದ ಮೇಲೆ ಹೋಗಿ ಉಡುಗೊರೆ ಕೊಡುವುದು ನಮ್ಮ ಕಡೆಯ ಪದ್ಧತಿ. ಅದೇ ಆಯೇರಿ. ಕೊಟ್ಟವರ ಹೆಸರನ್ನು ಕೂಗಿ ಹೇಳಲೇಬೇಕು, ನಟ ಬೇಡ ಎನ್ನುವಂತಿಲ್ಲ. ಆ ದಿನ ಕೂಗಿದ್ದು ಗುರಪ್ಪ ಸಾವಕಾರರ ಹೆಸರು. ಶಾಲು ಹಿಡಿದು ರಂಗ ಹತ್ತಿದ ಅವರು ವೀರನನ್ನು ನೋಡಿ, "ಮುಸುಕು ತಗಿಯೋ ತಮ್ಮಾ, ಯಾರಿಗೆ ಹೊದಸಾಕತ್ತೇನಿ ಅಂತ ನನಗರ ಗೊತ್ತಾಗ್ಲಿ," ಎಂದರು. ನಟ ಅತ್ತಿತ್ತ ನೋಡಿದ. ತೆಗೆದ. ನಾಲ್ಕು ಕಂತುಗಳಲ್ಲೂ ಕಳ್ಳರನ್ನು ಹಿಡಿಯಲಾಗದೆ ಪೇಚಾಡಿದ್ದ ಪೊಲೀಸ್ ಫೌಜದಾರನ ಪಾತ್ರದವನು!

ನಟ ಮತ್ತೆ ಮುಸುಕು ಹಾಕಿಕೊಂಡ, ಆಟ ಮುಂದುವರಿಯಿತು. ಕಳ್ಳರ ನಾಯಕ "ಯಾರು ನೀನು?" ಎಂದು ಗರ್ಜಿಸಿದಾಗ ನೆಲದ ಮೇಲೆ ಕುಳಿತವರು, "ಫೌಜದಾರಪ್ಪೋ! ಕಾಣೂದಿಲ್ಲೇನ ನಿನಗ?" ಎಂದು ಕೂಗಿದರು. ಮುಂದಿನ ಸಾಲಿನಲ್ಲಿ ಸಾವಕಾರರ ಪಕ್ಕ ಕುಳಿತಿದ್ದ ನನಗೆ ನಗುವಂತೆಯೂ ಇಲ್ಲ, ಏಳುವಂತೆಯೂ ಇಲ್ಲ.

ವಿಮರ್ಶೆಯಲ್ಲಿ ಇದ್ದುದನ್ನು ಇದ್ದಂತೆ ಬರೆದೆ. "ಊರ ಹಿರಿಯರೊಬ್ಬರು ಮುಸುಕು ತೆಗೆಸಿದ ಮೇಲೆ ಉಳಿದದ್ದು ವೀರನಲ್ಲ, ಅವನ ಅಂಗಿ" ಎಂದು ಮುಗಿಸಿದ್ದೆ. ಕರಡು ಓದಿದ ಸಾವಕಾರರ ಮುಖ ಕೆಂಪಾಯಿತು.

"ನನ್ನ ಪೇಪರಿನ್ಯಾಗ ನನಗ ಬೈತೀಯೇನಲೇ? ಛಂದ ಆಗಿತ್ತಂತ ಬರಿ. ಅಲ್ಲೀತನಕ ಸರ್ಟಿಫಿಕೇಟೂ ಇಲ್ಲ, ಹೊರಗ ಬರೂದೂ ಇಲ್ಲ."

ಕೋಣೆಯ ಚಿಲಕ ಹೊರಗಿನಿಂದ ಬಿತ್ತು. ಅಚ್ಚಿನ ಶಾಯಿಯ ವಾಸನೆ, ಕೈಗೆಟುಕದ ಒಂದು ಬೆಳಕಿಂಡಿ, ಎದುರಿಗೆ ಖಾಲಿ ಹಾಳೆ. ಪ್ರಯತ್ನವನ್ನೂ ಮಾಡಿದೆ. ಪರದೆ ಚೆಂದವಿತ್ತು ಎಂದು ಬರೆದೆ, ದೀಪ ಚೆಂದವಿತ್ತು ಎಂದೂ ಬರೆದೆ. ಮೂರನೆಯ ಸಾಲು ಹುಟ್ಟಲಿಲ್ಲ. ಬರೆದುಕೊಟ್ಟರೆ ಹುಬ್ಬಳ್ಳಿ. ಆದರೆ ಆ ಹಾಳೆ ಹಿಡಿದು ಅಲ್ಲಿ ಏನೆಂದು ಹೇಳಿಕೊಳ್ಳಲಿ, ನಾನು ವಿಮರ್ಶಕನೆಂದೇ?

ಮಧ್ಯಾಹ್ನ ಚಿಲಕ ತೆಗೆದವರು ಸಾವಕಾರರ ಹೆಂಡತಿ ಗೌರಕ್ಕ. ಕೈಯಲ್ಲಿ ರೊಟ್ಟಿಯ ತಾಟು, ಹಿಂದೆಯೇ ಸಾವಕಾರರು. ನನ್ನ ಹಳೆಯ ಕರಡನ್ನು ಗೌರಕ್ಕ ಅಲ್ಲೇ ನಿಂತು ಓದಿದರು.

"ಇದರಾಗ ಸುಳ್ಳ ಏನೈತ್ರೀ? ಮುಸುಕಿನ್ಯಾಗ ಯಾರ ಅದಾರ ಅಂತ ಹೆಣ್ಮಕ್ಕಳು ಜಗಳಾಡಿ ಮಾತು ಬಿಟ್ಟಿದ್ವಿ. ನೀವು ಒಂದ ಶಾಲಿನ್ಯಾಗ ಎಲ್ಲಾ ಮುಗಿಸಿ ಬಂದ್ರಿ. ಊರೆಲ್ಲಾ ಕಣ್ಣಾರೆ ನೋಡೇತಿ. ಛಂದ ಇತ್ತಂತ ಬರದ್ರ ನಂಬೋರ್ಯಾರು?"

ಸಾವಕಾರರು ಅವರ ಕೈಯಿಂದ ಕರಡು ತೆಗೆದುಕೊಂಡು ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಕರಡನ್ನು ನನ್ನ ಮುಂದೆ ಒಗೆದರು. "ಊರ ಹಿರಿಯರೊಬ್ಬರು ಅಂದ್ರ ಯಾರಲೇ? ಆಯೇರಿ ಕೊಟ್ಟಾವ ನಾ. ಬೈಯೂದಿದ್ರ ಹೆಸರು ಹಾಕಿ ಬೈ!"

ಹೆಸರು ಹಾಕಿದೆ. ಹಾಗೆಯೇ ಅಚ್ಚಾಯಿತು. ಮುಂದೆ ನಿವೃತ್ತಿಯವರೆಗೂ ಹುಬ್ಬಳ್ಳಿಯ ಆ ಪತ್ರಿಕೆಯಲ್ಲಿ ದುಡಿದೆ, ನೂರಾರು ವಿಮರ್ಶೆ ಬರೆದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಓದುಗ ನನಗಿಂತ ಮೊದಲೇ ನಾಟಕ ನೋಡಿರುತ್ತಾನೆ, ನಾನು ಹೆದರಬೇಕಾದದ್ದು ಅವನಿಗೆ.

ಆ ವಿಮರ್ಶೆ ಅಚ್ಚಾದ ದಿನವೇ ಪ್ರಮಾಣಪತ್ರವನ್ನು ಸಾವಕಾರರು ಸ್ವತಃ ಬರೆದು, ಠಸ್ಸೆ ಒತ್ತಿ, ಮುಖ ಆಚೆ ತಿರುಗಿಸಿ ಕೈಗಿಟ್ಟರು. ಅಂದೇ ಊರಿಗೆ ಹೋಗಿ ಅವ್ವನಿಗೆ ಓದಿ ಹೇಳಿದೆ: "ಕೆಲಸದಲ್ಲಿ ಪ್ರಾಮಾಣಿಕ. ಹೇಳಿದ ಮಾತು ಕೇಳುವುದಿಲ್ಲ."

ಅಕ್ಷರ ಬಾರದ ಅವ್ವ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಅಂದಳು: "ನೀ ಹುಟ್ಟಿದಾಗಿಂದ ನಾನೂ ಇದನ್ನ ಹೇಳಾಕತ್ತೇನಲ್ಲೋ. ನನಗ ಒಂದ ಠಸ್ಸೆ ಇರ್ಲಿಲ್ಲ ನೋಡು!"