ಸರ್ವರ್ ಮೇಲಿನ ಚೆಂಡುಹೂ

ದೆವ್ವ, ಮಾಟ, ಗಾಳಿ ಎಂದು ಯಾರಾದರೂ ಶುರುಮಾಡಿದರೆ ಎದ್ದುಹೋಗುವವರ ಪೈಕಿ ನಾನು. ಕಂಪ್ಯೂಟರ್ ಕೆಲಸದಿಂದ ಹೊಟ್ಟೆ ಹೊರೆಯುವವನು. ಕರೆಂಟಿದ್ದರೆ ಯಂತ್ರ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ವೇದಾಂತ ಇಷ್ಟೇ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ಅರ್ಧಕ್ಕೇ ಮಡಚಿಡುತ್ತಿದ್ದೆ. ನೀವೂ ಮಡಚಿಡಬಹುದು, ಬೇಸರವಿಲ್ಲ. ನಂಬದವರನ್ನು ನಾನು ಸಾಕಷ್ಟು ನೋಡಿದ್ದೇನೆ.

ವಾಡಿ ಹತ್ತಿರ ನೆಲಕ್ಕೆ ಹಾಸುವ ಫರಸಿಕಲ್ಲಿನ ಒಂದು ಕಾರ್ಖಾನೆ. ಹೆಸರು ಬೇಡ. ನಾನು ಕೆಲಸಕ್ಕೆ ದಿನಾ ಚಿತ್ತಾಪುರದಿಂದ ಬಂದುಹೋಗುತ್ತೇನೆ. ಮಾಲೀಕರು ಮೇಲ್ ಸರ್ವರನ್ನು ಹೊರಗಿನವರ ಕೈಗೆ ಕೊಡದೆ ಆಫೀಸಿನ ಹಿಂದಿನ ಕೋಣೆಯಲ್ಲೇ ಇಡಿಸಿದ್ದರು. "ನಮ್ಮ ಮಾತು ನಮ್ಮ ಮನ್ಯಾಗೇ ಇರ್ಲಿ" ಎನ್ನುವುದು ಅವರ ವಾದ. ಆದರೆ ಅಂಥ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದೆಂದರೆ ಎಮ್ಮೆ ಕಟ್ಟಿದ ಹಾಗೆ, ಹಬ್ಬ ಹುಣ್ಣಿಮೆ ಎಂದು ಕೈಬಿಡುವಂತಿಲ್ಲ. ತಂತ್ರಾಂಶದಲ್ಲಿ ಎಲ್ಲೋ ಕಿಂಡಿಯಿದೆ ಎಂದು ಗೊತ್ತಾದ ಕೂಡಲೇ ಅದನ್ನು ಮುಚ್ಚುವ ಅಪ್‌ಡೇಟ್ ಬರುತ್ತದೆ. ಆ ಹೊತ್ತಿಗೆ ಕಿಂಡಿಯ ಸುದ್ದಿ ಕಳ್ಳರಿಗೂ ತಲುಪಿರುತ್ತದೆ. ಮೊದಲು ಮುಟ್ಟಿದವರು ಗೆದ್ದರು.

ಅಪ್‌ಡೇಟ್ ಹಾಕುವ ಈ ಕೆಲಸ ಶಶಿಕಲಾಳದು. ಸೇಡಂ ತಾಲೂಕಿನ ಮುಧೋಳದವಳು, ನನಗಿಂತ ಕಿರಿಯಳು, ಕೆಲಸದಲ್ಲಿ ನನಗಿಂತ ಚುರುಕು. ಅವಳ ಮನೆ ನಡೆಯುತ್ತಿದ್ದುದು ಇದೇ ನೌಕರಿಯ ಮೇಲೆ. ತಮ್ಮನ ಓದು, ಅವ್ವನ ಔಷಧಿ ಎಲ್ಲ ಅವಳದೇ ಹೊಣೆ.

ನಮ್ಮಲ್ಲಿ ದಸರೆಗೆ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಜೋರು. ಕಲ್ಲು ಕೊಯ್ಯುವ ಗರಗಸದಿಂದ ಹಿಡಿದು ತಕ್ಕಡಿಯವರೆಗೆ ಎಲ್ಲವನ್ನೂ ಬಂದ್ ಮಾಡಿ, ಕುಂಕುಮವಿಟ್ಟು, ಹೂ ಹಾಕುತ್ತಾರೆ. ಪೂಜೆಯಾದ ಯಂತ್ರವನ್ನು ವಿಜಯದಶಮಿಗೆ ಬನ್ನಿ ಹಂಚಿದ ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಸರ್ವರ್ ಬಂದಾಗ ಅದನ್ನೂ ಈ ಸಾಲಿಗೆ ಸೇರಿಸಿದರು. ಆ ವರ್ಷ ಪೂಜೆಯ ದಿನ ಬೆಳಿಗ್ಗೆಯೇ ದೊಡ್ಡ ಅಪ್‌ಡೇಟ್ ಬಂತು, ತಕ್ಷಣ ಹಾಕಿರಿ ಎಂಬ ಎಚ್ಚರಿಕೆಯೊಂದಿಗೆ. ಶಶಿಕಲಾ ಅದನ್ನು ಯಂತ್ರಕ್ಕೆ ಇಳಿಸಿಟ್ಟು ಮ್ಯಾನೇಜರ ಹತ್ತಿರ ಅಪ್ಪಣೆ ಕೇಳಿದಳು.

"ಚಲ್ತಿರೋ ಮಷಿನ್ನಿಗಿ ಕೈ ಹಚ್ಚಬ್ಯಾಡ್ರಿ. ಈಗ ಪೂಜಿ ಟೈಮ್ ಅದ. ಹಬ್ಬ ಮುಗೀಲಿ, ನೋಡೋಣ" ಎಂದರು ಅವರು.

"ಬಾಗ್ಲಾ ಮುರದದ ಅಂತ ಗೊತ್ತಿದ್ದೂ ಊದಿನಕಡ್ಡಿ ಹಚ್ಚಿ ಕುಂತ್ರೆ ಹೆಂಗ್ರಿ ಸರ್?" ಎಂದಳು. ಮ್ಯಾನೇಜರಿಗೆ ಅದು ಚುಚ್ಚಿತು. ಅದು ಅವರ ಮುಖದಲ್ಲೇ ಕಂಡಿತು.

ಅವಳು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದಳು. ಅವಳ ಮನೆಯವರು ಬೌದ್ಧರು. ನಮ್ಮ ಬನ್ನಿಯ ದಿನವೇ ಅವರಿಗೆ ಬೌದ್ಧ ಧರ್ಮಕ್ಕೆ ಬಂದ ನೆನಪಿನ ದೀಕ್ಷೆಯ ದಿನ. ಸಂಜೆ ಪೂಜೆ ನನ್ನ ಪಾಲಿಗೆ ಬಂತು. ಸರ್ವರ್ ಬಂದ್ ಮಾಡಿ, ಯುಪಿಎಸ್ಸನ್ನೂ ಆರಿಸಿ, ವೈರನ್ನು ಗೋಡೆಯಿಂದ ಕಿತ್ತು ಸುತ್ತಿ ಪೆಟ್ಟಿಗೆಯ ಮೇಲೆ ಇಟ್ಟವನು ನಾನು. ಚಾಲೂ ಮಾಡುವ ಗುಂಡಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಹಾರವನ್ನು ಸುತ್ತಲೂ ಕಟ್ಟಿದವನೂ ನಾನೇ. ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದೆ.

ಬನ್ನಿಯ ಮರುದಿನ ಬೆಳಿಗ್ಗೆ ನಾನೇ ಬಾಗಿಲು ತೆಗೆದೆ. ವೈರು ಸುತ್ತಿದ ಹಾಗೇ ಇತ್ತು. ಗುಂಡಿಯ ಕುಂಕುಮ ಕದಡಿರಲಿಲ್ಲ. ಹಾರದ ಹೂಗಳಲ್ಲಿ ಹಳದಿ ಇನ್ನೂ ಇತ್ತು. ಆದರೆ ಪೆಟ್ಟಿಗೆಯ ಹಿಂಬದಿ, ಫ್ಯಾನು ಬಿಸಿಗಾಳಿ ಉಗುಳುವ ಜಾಗಕ್ಕೆ ತಾಗಿದ್ದ ಹೂಗಳು ಮಾತ್ರ ಸುಟ್ಟ ಹಪ್ಪಳದಂತೆ ಒಣಗಿದ್ದವು. ಮುಟ್ಟಿದರೆ ಪುಡಿಯಾದವು. ಇಲಿಯೋ ಹುಳವೋ ಎಂದುಕೊಂಡು ವೈರು ಚುಚ್ಚಿ ಚಾಲೂ ಮಾಡಿದೆ. ಪರದೆಯ ಮೇಲೆ ಹೊಸ ಆವೃತ್ತಿ. ಅಪ್‌ಡೇಟ್ ಪೂರ್ತಿ ಕೂತಿತ್ತು. ಹಾಕಿದವರ ಹೆಸರು ಶಶಿಕಲಾ, ಹೊತ್ತು ಹಿಂದಿನ ದಿನ, ಬನ್ನಿಯ ಬೆಳಿಗ್ಗೆಯದು. ಆಗ ಆ ಯಂತ್ರಕ್ಕೆ ಕರೆಂಟೇ ಇರಲಿಲ್ಲ. ಗಡಿಯಾರ ತಪ್ಪಿರಬಹುದೆಂದು ಮತ್ತೆ ಮತ್ತೆ ತಾಳೆ ನೋಡಿದೆ, ಸರಿಯಾಗೇ ಇತ್ತು.

ಅವತ್ತು ಮಧ್ಯಾಹ್ನ ನಮ್ಮದೇ ಸೇಡಂ ಆಫೀಸಿನಿಂದ ಫೋನು. ಅಲ್ಲೂ ಇಂಥದೇ ಸರ್ವರ್, ಇಂಥದೇ ಪೂಜೆ. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಕಳ್ಳರು ಅದೇ ಕಿಂಡಿಯಿಂದ ನುಗ್ಗಿ ಅಷ್ಟೂ ಮೇಲ್‌ಗಳಿಗೆ ಬೀಗ ಜಡಿದಿದ್ದರು. ನಮ್ಮ ಬಾಗಿಲನ್ನೂ ಬಡಿದು ನೋಡಿದ ಗುರುತಿತ್ತು, ಒಳಗೆ ಬರಲು ಆಗಿರಲಿಲ್ಲ.

ಶಶಿಕಲಾಳಿಗೆ ಸನ್ಮಾನವಾಗುತ್ತದೆ ಎಂದುಕೊಂಡಿರಾ? ವಿಚಾರಣೆಯಾಯಿತು. ಅಪ್ಪಣೆಯಿಲ್ಲದೆ ಯಂತ್ರ ಮುಟ್ಟಿದ್ದು ಒಂದು ತಪ್ಪಂತೆ. ಸೇಡಂ ಮುಳುಗಿ ವಾಡಿ ಉಳಿಯಬೇಕಾದರೆ ಇವಳಿಗೆ ಕಳ್ಳರ ಖಬರು ಮೊದಲೇ ಇತ್ತು ಎಂಬುದು ಇನ್ನೊಂದು. ಅಪ್‌ಡೇಟ್ ಕೂತ ಹೊತ್ತಿಗೆ ಅವಳು ಮುಧೋಳದ ಬುದ್ಧ ವಿಹಾರದಲ್ಲಿ ಊರವರಿಗೆಲ್ಲ ಊಟ ಬಡಿಸುತ್ತಿದ್ದಳು. ಕಂಡವರು ಬಂದು ಹೇಳಿದರು. "ಅವರೆಲ್ಲ ಆಕಿ ಮಂದಿ, ಹೇಳೇ ಹೇಳ್ತಾರ" ಎಂದರು ಮ್ಯಾನೇಜರು.

ನಾನು ವೈರು, ಕುಂಕುಮ, ಹೂವು ಎಲ್ಲ ಹೇಳಿದೆ. ಮ್ಯಾನೇಜರು ನಕ್ಕರು. ರೇಗಿಹೋಯಿತು ನನಗೆ. "ಕೀಲಿ ನನ್ನ ಕಿಸೆದಾಗಿತ್ತು. ಆಕಿ ಪಾಸ್‌ವರ್ಡ್ ನಂಗೂ ಗೊತ್ತದ. ಸಂಶಯ ಬರಬೇಕಂದ್ರ ನನ್ನ ಮ್ಯಾಲ ಬರಬೇಕಲ್ರಿ?" ಎಂದೆ.

"ನಿಮ್ದು ಬ್ಯಾರೆ ಮಾತು ಬಿಡ್ರಿ" ಎಂದರು ಅವರು ಸಮಾಧಾನವಾಗಿ. "ನೀವು ಪೂಜಿ ಮಾಡಿದವ್ರು."

ಅವಳನ್ನು ತೆಗೆದುಹಾಕಿದರು. ಸಾಮಾನು ಒಯ್ಯಲು ಬಂದವಳಿಗೆ ಒಣಗಿದ ಹೂವಿನ ಸಂಗತಿ ಹೇಳಿದೆ. "ನನಗೂ ತಿಳೀವಲ್ದ್ರಿ ಸರ್. ಅವತ್ತು ಬಡಸ್ತಾ ಬಡಸ್ತಾ ಅದೇ ಚಿಂತಿ ಇತ್ತು, ಹಾಕಿ ಬರಬೇಕಿತ್ತು, ಹಾಕಿ ಬರಬೇಕಿತ್ತು ಅಂತ" ಎಂದಳು. ಆಮೇಲೆ ಕೋಣೆಯ ಕಡೆ ನೋಡಿ, "ಮಷಿನ್ ಛಲೋ ನಡ್ಯಾಕತ್ತದಿಲ್ರಿ?" ಎಂದು ಕೇಳಿದಳು.

ಕರೆಂಟಿಲ್ಲದ ಯಂತ್ರ ಹೇಗೆ ನಡೆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ನೌಕರಿ ಏಕೆ ಹೋಯಿತೆಂದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು.

ಮೊನ್ನೆ ದಸರೆಗೆ ಮತ್ತೊಂದು ಅಪ್‌ಡೇಟ್ ಬಂದಿತ್ತು. ಕೇಳಿದೆ. ಪೂಜೆ ಮುಗೀಲಿ ಎಂದರು. ಯಂತ್ರಕ್ಕೆ ಇಳಿಸಿಟ್ಟು, ವೈರು ಕಿತ್ತು, ಫ್ಯಾನಿನ ಬಾಯಿಗೆ ತಾಗುವಂತೆ ಬೇಕೆಂದೇ ಹಾರ ಕಟ್ಟಿದೆ. ಬನ್ನಿಯ ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆದು, ದೀಪ ಹಾಕುವುದಕ್ಕೂ ಮುಂಚೆ ಪೆಟ್ಟಿಗೆಯ ಹಿಂದೆ ಕೈಯಾಡಿಸಿದೆ.

ಹೂ ಮೆತ್ತಗಿದ್ದವು. ಒಂದೂ ಒಣಗಿರಲಿಲ್ಲ.