ಪಿಯಾನೋಗೆ ವಿಭೂತಿ

ನಾನು ಪಿಯಾನೋ ಕಲಿಸುತ್ತೇನೆ ಎಂದರೆ ಬಳ್ಳಾರಿಯ ಜನ ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಬೆರಳು ನೋಡುತ್ತಿದ್ದರು, ಕೊನೆಗೆ "ಅಂದ್ರ ಹಾರ್ಮೋನಿಯಂ ಅಲ್ಲೇನ್ರಿ?" ಎಂದು ಕೇಳುತ್ತಿದ್ದರು. ಶುರುವಿನಲ್ಲಿ ನಿಂತು ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಸಾಕಾಗಿ, "ಹೌದ್ರಿ, ಅದರ ದೊಡ್ಡವ್ವ" ಎಂದು ನಡೆದುಬಿಡುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೇ, ರಿಪೇರಿಯಾಗುವಂಥದ್ದಲ್ಲ.

ಬ್ರೂಸ್‌ಪೇಟೆಯಲ್ಲಿ ಅಪ್ಪನ ಬಟ್ಟೆ ಅಂಗಡಿಯಿತ್ತು. ಮನೆಗೆ ಬರುತ್ತಿದ್ದ ಮೇಷ್ಟ್ರು ಹಾಡು ಕಲಿಸಿದರು. ಕಂಟೋನ್ಮೆಂಟಿನ ಚರ್ಚ್ ಹಿಂದೆ ಇದ್ದ ಮುದುಕಿ ಟೀಚರ್ ಪಿಯಾನೋ ಕಲಿಸಿದರು. ಮುಂದೆ ಮದ್ರಾಸಿನಲ್ಲೂ ಕಲಿತೆ. ಇಷ್ಟೆಲ್ಲ ಆದಮೇಲೆ ಮದುವೆಯಾದದ್ದು ಸಿರುಗುಪ್ಪದ ರೈಸ್ ಮಿಲ್ಲಿನವರ ಮನೆಗೆ! ನಮ್ಮ ಯಜಮಾನರ ನೌಕರಿ ಬಳ್ಳಾರಿಯಲ್ಲಿದ್ದುದರಿಂದ ಗಾಂಧಿನಗರದಲ್ಲಿ ಮನೆ ಮಾಡಿದೆವು, ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ತಾತ್ಕಾಲಿಕ ಸಂಗೀತ ಶಿಕ್ಷಕಿಯಾದೆ. ಪಿಯಾನೋ ಮಾತ್ರ ಅಲ್ಲಿರಲಿಲ್ಲ. ನುಡಿಸಬೇಕೆಂದರೆ ಚರ್ಚಿಗೆ ಹೋಗಬೇಕಿತ್ತು, ಅಲ್ಲಿಯದನ್ನು ಹೊರಗೆ ಕೊಡುತ್ತಿರಲಿಲ್ಲ. ಹುಡುಗಿಯರಿಗೆ ಪ್ರಾರ್ಥನೆ ಹೇಳಿಕೊಡುವುದೇ ನನ್ನ ಪಾಠವಾಗಿತ್ತು.

ಎಪ್ಪತ್ತರ ದಶಕದ ನಡುವೆ ನಮ್ಮ ಪ್ರಿನ್ಸಿಪಾಲರಿಗೆ ಒಂದು ಹುಚ್ಚು ಹಿಡಿಯಿತು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಪಿಯಾನೋವನ್ನು ಪದವಿಗೇ ಒಂದು ವಿಷಯವಾಗಿ ಇಡಬೇಕೆಂದು ಅವರು ವಿಶ್ವವಿದ್ಯಾಲಯಕ್ಕೆ ಬರೆದರು. ಸಮಿತಿ ಬಂದು, ನನ್ನ ವಾದನ ಕೇಳಿ ಒಪ್ಪಿದರೆ ತರಗತಿಯೂ ಉಂಟು, ನನಗೆ ಕಾಯಂ ಕೆಲಸವೂ ಉಂಟು. ಒಪ್ಪದಿದ್ದರೆ ಆ ವರ್ಷಕ್ಕೇ ನನ್ನ ನೌಕರಿ ಮುಗಿಯುತ್ತಿತ್ತು.

ಮುಗಿದರೆ ಮುಂದೇನು ಎಂಬುದನ್ನು ಅತ್ತೆ ಆಗಲೇ ತೀರ್ಮಾನಿಸಿದ್ದರು. "ನೌಕರಿ ಹೋದ್ರ ಚಿಂತಿ ಮಾಡಬ್ಯಾಡ. ಸಿರುಗುಪ್ಪಕ್ಕ ಬಂದುಬಿಡು. ದೊಡ್ಡ ಮನಿ, ದಿನಾ ಪಂಕ್ತಿ ಊಟ, ನನಗೂ ಒಂದು ಕೈ ಬೇಕಾಗೈತಿ" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ಪಿಯಾನೋ ಬಿಟ್ಟು ನಾನು ಬದುಕಲಾರೆ ಎಂದು ಅವರಿಗೆ ಹೇಳುವ ಧೈರ್ಯ ಈ ಬಾಯಿಬಡಕಿಗೂ ಇರಲಿಲ್ಲ.

ಸಮಿತಿ ಬರುತ್ತದೆ ಸರಿ, ಪಿಯಾನೋ ಎಲ್ಲಿಂದ ತರುವುದು? ಒಂದು ದಿನ ಸಿರುಗುಪ್ಪದಲ್ಲಿ ಊಟಕ್ಕೆ ಕೂತಾಗ ಈ ಪೇಚಾಟ ಹೇಳಿಕೊಂಡೆ. ಅತ್ತೆ ರೊಟ್ಟಿ ಮುರಿಯುತ್ತ, "ಕುರುಗೋಡಿನಾಗ ನಮ್ಮಣ್ಣನ ಮನ್ಯಾಗ ಅಂಥದ್ದೊಂದು ಪೆಟ್ಟಿಗಿ ಐತಲ್ಲ, ಬಾಯಿ ತುಂಬ ಹಲ್ಲು ಇದ್ದದ್ದು" ಎಂದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಇದ್ದದ್ದು ನಿಜ. ಬಿಳಿಯರು ಊರು ಬಿಡುವಾಗ ಹರಾಜಿನಲ್ಲಿ ಹಿಡಿದ ಪಿಯಾನೋ. ಅದರ ಮೇಲೆ ಒಣ ಮೆಣಸಿನಕಾಯಿ ಹರವಿದ್ದರು! ಮುಚ್ಚಳ ತೆಗೆದು ಒತ್ತಿದರೆ ಶ್ರುತಿ ಹದಗೆಟ್ಟಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಮಾವ, ಅಂದರೆ ಅತ್ತೆಯ ಅಣ್ಣ, ಕೊಡಲು ಒಪ್ಪಿ ಒಂದೇ ಮಾತು ಹೇಳಿದರು. "ತಗೊಂಡು ಹೋಗವ್ವಾ. ಆದ್ರ ಆಯುಧ ಪೂಜಿ ದಿನ ಇದಕ್ಕ ಪೂಜಿ ತಪ್ಪಬಾರ್ದು. ನಮ್ಮನ್ಯಾಗ ಕುಡಗೋಲಿಗೂ ಆಗ್ತೈತಿ, ಇದಕ್ಕೂ ಆಗ್ತೈತಿ." ಆ ಹೊಣೆಯನ್ನು ಅತ್ತೆ ತಾವೇ ಹೊತ್ತುಕೊಂಡರು.

ಟ್ರ್ಯಾಕ್ಟರಿನ ಟ್ರೇಲರಿಗೆ ಹುಲ್ಲು ಹಾಸಿ ಪಿಯಾನೋ ಏರಿಸಿದೆವು. ಅತ್ತೆ ಅದನ್ನು ತಬ್ಬಿಕೊಂಡೇ ಕೂತು ಬಳ್ಳಾರಿಗೆ ಬಂದರು. ದಾರಿಯಲ್ಲಿ ಬಂಡಿಯವನೊಬ್ಬ ಅಡ್ಡ ನಿಂತು, "ಏನವ್ವಾ ಅದು, ಬೀರುನಾ?" ಎಂದ. "ನನ್ನ ಸೊಸಿ ನೌಕರಿ ಐತಲೇ! ದಾರಿ ಬಿಡು!" ಎಂದು ಗದರಿದರು. ನನಗೆ ನಗು ತಡೆಯಲಾಗಲಿಲ್ಲ.

ಕಾಲೇಜಿನ ಹಾಲ್‌ನಲ್ಲಿ ಅದನ್ನು ಇಳಿಸಿ, ಶ್ರುತಿಯನ್ನು ನಾನೇ ಕೂತು ಕೂಡಿಸಿದೆ, ಬೆರಳಿಗೆ ಬೊಬ್ಬೆ ಬಂದವು. ಸಮಿತಿ ಬರುವುದು ದಸರಾ ರಜೆ ಮುಗಿದ ಮರುದಿನ ಎಂದಾಯಿತು. ಹಬ್ಬಕ್ಕೆಂದು ನಮ್ಮ ಮನೆಗೆ ಬಂದಿದ್ದ ಅತ್ತೆ ಆಯುಧ ಪೂಜೆಯ ದಿನ ತಟ್ಟೆ ಹಿಡಿದು, ವಾಚ್‌ಮನ್‌ನಿಂದ ಕಾಲೇಜಿನ ಬಾಗಿಲು ತೆಗೆಸಿ, ಪೂಜೆ ಮುಗಿಸಿ ಬಂದರು. ಎರಡು ಊದುಬತ್ತಿ ಹಚ್ಚಿ, ಒಂದು ಕಾಯಿ ಒಡೆದಿರುತ್ತಾರೆ ಎಂದುಕೊಂಡು ನಾನು ಹೋಳಿಗೆ ಬೇಯಿಸುತ್ತ ಕೂತೆ.

ಸಮಿತಿ ಬರುವ ಬೆಳಿಗ್ಗೆ ಅತ್ತೆಯೂ ನನ್ನ ಜೊತೆ ಕಾಲೇಜಿಗೆ ಬಂದರು. ಮುಚ್ಚಳ ಎತ್ತಿದೆ ನೋಡಿ, ಶಿವನೇ! ಬಿಳಿ ಕೀಗಳಿಗೆಲ್ಲ ಒಂದೊಂದು ಕುಂಕುಮದ ಬೊಟ್ಟು. ಕರಿ ಕೀಗಳಿಗೆಲ್ಲ ನೀರಲ್ಲಿ ಕಲಸಿದ ವಿಭೂತಿ, ಮೂರು ಬೆರಳಿನಲ್ಲಿ ದಪ್ಪಗೆ ಬಳಿದದ್ದು. ಅದು ಸಂದಿಗೆಲ್ಲ ಇಳಿದು ಒಣಗಿ ಗಾರೆಯಾಗಿತ್ತು. ಬಿಳಿಯವು ಏಳುತ್ತಿದ್ದವು, ಬೀಳುತ್ತಿದ್ದವು. ಕರಿಯವು ಒಂದೂ ಅಲುಗಲಿಲ್ಲ.

"ಅತ್ತೀ, ಇದೇನ್ ಮಾಡೀರಿ?"

"ಕರೇವು ಸಾಲಾಗಿ ಲಿಂಗ ನಿಂತಂಗ ಕಂಡ್ವು, ವಿಭೂತಿ ಧರಿಸಿದೆ. ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಪಂಕ್ತಿಭೇದ ಆಗ್ತೈತಿ ಅಂತ ಎಲ್ಲಾದಕ್ಕೂ ಹಚ್ಚೀನಿ. ಯಾಕ?"

ಕರಿಯವು ಅಂಟಿಕೊಂಡಿವೆ, ನುಡಿಯುವುದಿಲ್ಲ ಎಂದು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಸಿಟ್ಟು ನೆತ್ತಿಗೇರಿತ್ತು, ಆದರೆ ಆ ಮುಖಕ್ಕೆ ಬೈಯಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಸಮಿತಿಯವರು ಒಳಗೇ ಬಂದರು. ಹಿರಿಯರು ಮೈಸೂರು ಕಡೆಯ ವೀಣಾ ವಿದ್ವಾಂಸರು. ಕೂರುವ ಮೊದಲೇ, "ಇದು ಪರದೇಶದ ವಾದ್ಯ. ನಮ್ಮ ಹುಡುಗಿಯರಿಗೆ ಇದರಿಂದ ಏನಮ್ಮ ಪ್ರಯೋಜನ?" ಎಂದರು.

ನಾನು ಸಿದ್ಧಮಾಡಿಕೊಂಡಿದ್ದ ವಿಲಾಯಿತಿ ಕೃತಿಗೆ ಕರಿ ಕೀಗಳೇ ಜೀವ. ಕೀ ಹಿಡಿದುಕೊಂಡಿವೆ ಎಂದರೆ, ಕುಣಿಯಲಾರದವಳು ನೆಲ ಡೊಂಕು ಎಂದಳು ಅಂದಾರು. ಬರೀ ಬಿಳಿ ಕೀಗಳಲ್ಲಿ ಏನಿದೆ? ಮನೆಯ ಮೇಷ್ಟ್ರು ಕಲಿಸಿದ ಶಂಕರಾಭರಣ ರಾಗದ ಏಳೂ ಸ್ವರ ಇವೆ! ಎಡಗೈಯಲ್ಲಿ ಷಡ್ಜ ಹಿಡಿದು ನುಡಿಸತೊಡಗಿದೆ. ಆ ಷಡ್ಜವನ್ನು ಒಂದು ಬಿಳಿ ಕೀ ಮುಂದೆ ಸರಿಸಿದೆ, ಅದೇ ಕೀಗಳಲ್ಲಿ ಖರಹರಪ್ರಿಯ ಬಂತು. ಇನ್ನೊಂದು ಸರಿಸಿದೆ, ತೋಡಿ. ಮತ್ತೂ ಒಂದು, ಕಲ್ಯಾಣಿ. ನಡುವೆ ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕುಂಕುಮ ಮೆತ್ತಿದ ಬೆರಳು ತಾವೇ ಓಡುತ್ತಿದ್ದವು, ಅಷ್ಟು ಖುಷಿಯಾಗಿ ನಾನು ಮದ್ರಾಸಿನಲ್ಲೂ ನುಡಿಸಿರಲಿಲ್ಲ.

ನಿಲ್ಲಿಸಿದಾಗ ಹಿರಿಯರು ಎದ್ದು ಪಿಯಾನೋ ಹತ್ತಿರ ಬಂದಿದ್ದರು. "ಷಡ್ಜ ಸರಿಸಿದರೆ ರಾಗ ಬದಲಾಗುವ ಈ ಗ್ರಹಭೇದವನ್ನು ಬಾಯಲ್ಲಿ ವಿವರಿಸಿ ವಿವರಿಸಿ ನನಗೆ ಗಂಟಲು ಒಣಗಿದೆ. ಇಲ್ಲಿ ಕಣ್ಣಿಗೇ ಕಾಣುತ್ತದಲ್ಲಮ್ಮ! ಸ್ವರ ತೂಗುವ ಗಮಕ ಇಲ್ಲ, ಇರಲಿ. ಗಮಕಕ್ಕೆ ವೀಣೆ ಇದೆ" ಎಂದರು. ಆಮೇಲೆ ವಿಭೂತಿ ಕಂಡು, "ಇದು ಯಾರು ಮಾಡಿದ್ದು?" ಎಂದು ಕೇಳಿದರು.

ಬಾಗಿಲಲ್ಲಿದ್ದ ಅತ್ತೆ ಸೆರಗು ಹೊದ್ದು ಮುಂದೆ ಬಂದರು. "ನಾನ್ರಿ. ತಪ್ಪಾತು. ಬೈಯೋದಿದ್ರ ನನಗ ಬೈರಿ, ಆಕಿ ನೌಕರಿ ಕಳೀಬ್ಯಾಡ್ರಿ."

"ನೌಕರಿ ಕಳೆಯುವುದೇ? ಬರುವ ವರ್ಷದಿಂದ ತರಗತಿ ಶುರುವಾಗುತ್ತದೆ ತಾಯಿ" ಎಂದು ಅವರು ನಕ್ಕರು. ಪ್ರಿನ್ಸಿಪಾಲರು ಎಲ್ಲರನ್ನೂ ಕಾಫಿಗೆ ಕರೆದೊಯ್ದರು.

ಹಾಲ್‌ನಲ್ಲಿ ನಾವಿಬ್ಬರೇ ಉಳಿದೆವು. ಮದುವೆಯಾಗಿ ಅಷ್ಟು ವರ್ಷವಾಗಿತ್ತು, ಅತ್ತೆ ನನ್ನ ವಾದನ ಕೇಳಿದ್ದು ಅದೇ ಮೊದಲು. ಅವರ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

"ಇಷ್ಟು ಚಂದ ಬಾರಸ್ತೀ ಅಂತ ನನಗ ಯಾಕ ಹೇಳಲಿಲ್ಲ ನೀನು?" ಎಂದರು. "ಹೇಳಿದ್ರ ನಿನ್ನ ರೊಟ್ಟಿ ಬಡ್ಯಾಕ ಕರೀತಿದ್ನೇನು ನಾನು?"